ಎರಡು ಕಾರುಗಳ ಮೇಲಿನ ಕೋಣೆ

2023ರ ಕೊನೆಯ ಹೊತ್ತಿಗೆ ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಅದಕ್ಕೆ ಮುಂಚೆ ವಾಹನಗಳ ಹೊಗೆಯನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಎಂಜಿನಿಯರಾಗಿ ಸೇರಿ, ಅದೇ ವಿಭಾಗದ ಮುಖ್ಯಸ್ಥೆಯಾಗಿ ಹೊರಬಂದವಳು. ಮಗಳಿಗೆ ಏನು ಕೆಲಸ ಎಂದು ನೆಂಟರು ಕೇಳಿದರೆ ನನ್ನ ತಾಯಿ "ಕಾರಿನ ಬಾಲ ಮೂಸೋ ಕೆಲಸ" ಎನ್ನುತ್ತಿದ್ದರು. ಅದು ತಪ್ಪೇನಲ್ಲ. ಸೈಲೆನ್ಸರ್ ಕೊಳವೆಯೊಳಗೆ ಉದ್ದನೆಯ ಪ್ರೋಬ್ ತೂರಿಸಿ, ಹೊರಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ, ಉರಿಯದೆ ಉಳಿದ ಪೆಟ್ರೋಲ್ ಎಷ್ಟಿದೆ ಎಂದು ಅಳೆಯುವುದೇ ನನ್ನ ವೃತ್ತಿಜೀವನವಾಗಿತ್ತು. ಈ ಕಾರ್ಬನ್ ಮಾನಾಕ್ಸೈಡ್ ಎಂಬುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಸೇರಿದರೆ ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ನಿವೃತ್ತಿಯಾದ ಮೇಲೂ ಒಂದು ಗ್ಯಾಸ್ ಅನಲೈಸರ್ ಇಟ್ಟುಕೊಂಡು, ಪುಟ್ಟೇನಹಳ್ಳಿಯ ಮನೆಯಿಂದಲೇ ಸಣ್ಣಪುಟ್ಟ ಸಲಹೆಯ ಕೆಲಸ ಮಾಡುತ್ತಿದ್ದೆ.

ಆ ಚಳಿಗಾಲದಲ್ಲಿ ಹಳೆಯ ಕಾರುಗಳ ಅಭಿಮಾನಿಗಳ ಒಂದು ಬಳಗದವರು ಬಂದು, ತಮ್ಮ ಪತ್ರಿಕೆಗೆ ಲೇಖನ ಬರೆದುಕೊಡಬೇಕೆಂದು ಕೇಳಿದರು. ಜಯನಗರದ ಒಂದೇ ಮನೆಯಲ್ಲಿ ಎರಡು ಕಾರುಗಳಿವೆ. ಒಂದು ಅರವತ್ತರ ದಶಕದ ಅಮೆರಿಕನ್ ಮಸಲ್ ಕಾರು. ಇನ್ನೊಂದು, ಅದೇ ಹೆಸರಿನಲ್ಲಿ ಅದೇ ಕಂಪನಿ ಈಚೆಗೆ ಮತ್ತೆ ಹುಟ್ಟಿಸಿದ ಹೊಸ ಅವತಾರ. ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ, ಓಡಿಸಿ, ಹೊಗೆ ಅಳೆದು ಹೋಲಿಸಬೇಕು. ನನಗೆ ಖುಷಿಯಾಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವ ವಿಷಯದಲ್ಲಿ ಅದರ ತಪ್ಪೇನೂ ಇಲ್ಲ. ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ.

ಮಸಲ್ ಕಾರು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ಬಾಗಿಲಿನ, ಮಧ್ಯಮ ಗಾತ್ರದ ಕಾರಿಗೆ ಅಗತ್ಯಕ್ಕಿಂತ ತುಂಬಾ ದೊಡ್ಡದಾದ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದರೆ ಏನಾಗುತ್ತದೋ ಅದು. ನೇರ ರಸ್ತೆಯಲ್ಲಿ ಬಿಟ್ಟ ಬಾಣ, ತಿರುವಿನಲ್ಲಿ ಬೆವರಿಳಿಸುವ ಭಂಡ. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ದುಬಾರಿಯಾಗಿ, ಹೊಗೆಯ ಕಾನೂನು ಬಿಗಿಯಾಗಿ ಆ ತಳಿ ನಶಿಸಿತು. ಹಲವು ದಶಕಗಳಾದ ಮೇಲೆ, ಹುಡುಗರಾಗಿ ಅವುಗಳನ್ನು ನೋಡಿ ಆಸೆಪಟ್ಟವರು ಕೈತುಂಬ ದುಡಿಯುವ ವಯಸ್ಸಿಗೆ ಬಂದಾಗ, ಕಂಪನಿಗಳು ಹಳೆಯ ಮುಖವನ್ನೇ ಹೊಸ ಯಂತ್ರಕ್ಕೆ ತೊಡಿಸಿ ಮಾರಲು ಶುರುಮಾಡಿದವು.

ಕಾರುಗಳ ಒಡೆಯ ಪ್ರಮೋದ್. ಐವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ತಲಘಟ್ಟಪುರದ ಆಚೆ ಗ್ರಾನೈಟ್ ಕತ್ತರಿಸಿ ಪಾಲಿಷ್ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಹಳೆಯ ಕಾರು ಅವರ ತಂದೆ ಶ್ರೀನಾಥ್ ಅವರದು. ಶ್ರೀನಾಥ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವವರಾಗಿದ್ದರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ವಿದೇಶಿ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಕೆಟ್ಟುನಿಂತ ಕಾರನ್ನು ಬಿಟ್ಟುಹೋದ. ಅದನ್ನು ಇವರು ತಳ್ಳಿಸಿಕೊಂಡು ಬಂದು, ಸಿಕ್ಕದ ಬಿಡಿಭಾಗಗಳನ್ನು ತಾವೇ ನಕ್ಷೆ ಬರೆದು ಲೇತ್‌ನಲ್ಲಿ ಕಡೆಸಿ, ಜೀವ ಕೊಟ್ಟಿದ್ದರು. ಅವರು ತೀರಿಕೊಂಡ ಮರುವರ್ಷ ಪ್ರಮೋದ್ ಹೊಸ ಕಾರನ್ನು ತರಿಸಿದರು. ಅದೇ ಹೆಸರು, ಅದೇ ಕಡುಹಸಿರು ಬಣ್ಣ.

ನಾನು ಮೊದಲ ಸಲ ಹೋದದ್ದು ಒಂದು ಭಾನುವಾರ. ಮನೆಯ ಕೆಳಗೆ, ಮೊದಲು ಕಂಬಗಳ ನಡುವೆ ತೆರೆದಿದ್ದ ಪಾರ್ಕಿಂಗ್ ಜಾಗಕ್ಕೆ ಪ್ರಮೋದ್ ಗಾಜಿನ ಗೋಡೆ ಕಟ್ಟಿಸಿ, ಮುಂದೆ ರೋಲಿಂಗ್ ಶಟರ್ ಹಾಕಿಸಿದ್ದರು. ಧೂಳು ಕೂರಬಾರದೆಂದು. ಒಂದು ಮೂಲೆಯಲ್ಲಿ ಸುರುಳಿಯಾಕಾರದ ಕಬ್ಬಿಣದ ಮೆಟ್ಟಿಲು ಮೇಲಿನ ಕೋಣೆಗೆ ಹೋಗುತ್ತಿತ್ತು. ಎದ್ದ ಕೂಡಲೇ ಕಾರಿನ ಹತ್ತಿರ ಇಳಿದು ಬರಲೆಂದು ಶ್ರೀನಾಥ್ ಮನೆ ಕಟ್ಟುವಾಗಲೇ ಮಾಡಿಸಿಕೊಂಡ ಮೆಟ್ಟಿಲು ಅದು.

ಪ್ರಮೋದ್ ಮೊದಲು ಹಳೆಯದನ್ನು ಶುರುಮಾಡಿದರು. ಮಾಡುವ ಮೊದಲೇ ಶಟರ್ ಪೂರ್ತಿ ಎತ್ತಿದರು. ಎತ್ತದೆ ಯಾರೂ ಆ ಕಾರಿನ ಕೀಲಿ ತಿರುಗಿಸಲಾರರು. ಎಂಜಿನ್ ಗುಡುಗಿದ ಮರುಕ್ಷಣ ನೀಲಿ ಹೊಗೆ ಹಬ್ಬಿ, ಕಣ್ಣು ಉರಿದು, ನಾವೆಲ್ಲ ರಸ್ತೆಗೆ ಓಡಿದೆವು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಅದರಲ್ಲಿ ಕೂತು ಕನಕಪುರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಸ್ಟಿಯರಿಂಗ್ ಎಡಗಡೆ, ಹಡಗಿನ ಚಕ್ರದಷ್ಟು ದೊಡ್ಡದು, ತಿರುಗಿಸಿದ ಮೇಲೆ ಕಾರು ಯೋಚಿಸಿ ತಿರುಗುತ್ತಿತ್ತು. ಬ್ರೇಕಿನ ಮೇಲೆ ಪ್ರಮೋದ್ ಹೆಚ್ಚುಕಡಿಮೆ ಎದ್ದು ನಿಲ್ಲಬೇಕಾಗುತ್ತಿತ್ತು. ಸೀಟಿನಡಿಯಿಂದ ಎಂಜಿನ್ನಿನ ಶಾಖ, ಕೈಗೆ ಗೇರ್ ರಾಡಿನ ನಡುಕ, ಬಟ್ಟೆಗೆಲ್ಲ ಪೆಟ್ರೋಲ್ ವಾಸನೆ. ಇಳಿದಾಗ ಕುಸ್ತಿ ಮುಗಿಸಿ ಬಂದಂತಾಗಿತ್ತು.

ಹೊಸದರಲ್ಲಿ ಕೂತಾಗ ಬಾಗಿಲು ಫ್ರಿಜ್ ಮುಚ್ಚಿದಂತೆ ಮೆತ್ತಗೆ ಮುಚ್ಚಿಕೊಂಡಿತು. ಹೊರಗಿನ ಶಬ್ದ ನಿಂತೇ ಹೋಯಿತು. ಒಂದು ಗುಂಡಿ ಒತ್ತಿದರೆ ಎಂಜಿನ್ ಶುರು. ಹಳೆಯದರ ಎರಡರಷ್ಟು ಶಕ್ತಿ, ಆದರೆ ಬೆವರಿಲ್ಲ, ಕುಸ್ತಿಯಿಲ್ಲ. ಒಳಗೆ ಕೇಳಿಸುವ ಗುಡುಗಿನಲ್ಲಿ ಒಂದು ಪಾಲು ನಿಜವಾದುದಲ್ಲ. ಕ್ಯಾಬಿನ್ ಅಷ್ಟು ನಿಶ್ಶಬ್ದವಾದ್ದರಿಂದ ಎಂಜಿನ್ನಿನ ದನಿಯನ್ನು ಸ್ಪೀಕರುಗಳಿಂದ ಸೇರಿಸುತ್ತಾರೆ. ಪ್ರಮೋದ್ ಪರದೆಯ ಮೇಲೆ ಬೆರಳಾಡಿಸಿ ಕ್ವಾಯಟ್ ಮೋಡ್‌ಗೆ ಹಾಕಿದರು. ಗುಡುಗು ಕುಗ್ಗಿ, ದೂರದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಷ್ಟು ಉಳಿಯಿತು. ಕಂಪನಿ ಕೊಟ್ಟ ಗುಡುಗು ಅವರಿಗೆ ಸಾಲದಾಗಿತ್ತು. ಅಪ್ಪನ ಕಾರಿನ ದನಿಗೆ ಹತ್ತಿರವಾಗಲೆಂದು ಒಂದು ಸಣ್ಣ ಗ್ಯಾರೇಜಿನಲ್ಲಿ ಎಂಜಿನ್ನಿನಿಂದ ಹೊಗೆಯನ್ನು ಹೊರಕ್ಕೆ ಒಯ್ಯುವ ಮೊದಲ ಎಕ್ಸಾಸ್ಟ್ ಕೊಳವೆಗಳನ್ನು ಬದಲಿಸಿಕೊಂಡಿದ್ದರು.

ಮನೆಗೆ ಮರಳಿ, ಬಿಸಿ ಎಂಜಿನ್‌ಗಳ ಹೊಗೆ ಅಳೆದೆ. ಹಳೆಯದರಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ ನಾಲ್ಕು ಭಾಗದ ಹತ್ತಿರ. ಹೊಸದರಲ್ಲಿ ಹೆಚ್ಚುಕಡಿಮೆ ಸೊನ್ನೆ. ಹೊಸ ಕಾರುಗಳ ಹೊಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯ ಮೂಲಕ ಹಾದು ಶುದ್ಧವಾಗಿ ಹೊರಬರುತ್ತದೆ. ಪ್ರಮೋದ್ ನಕ್ಕರು. "ಇದರ ಹೊಗೆ ಮೂಸಿದ್ರೂ ಏನೂ ಆಗಲ್ಲ ಅನ್ನಿ, ಮೇಡಂ."

ಕಾಫಿಗೆ ಮೇಲೆ ಕರೆದರು. ಕಾರುಗಳ ಮೇಲಿನ ಕೋಣೆಯಲ್ಲಿ ಅವರ ತಾಯಿ ವಿಮಲಮ್ಮ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ಮೈಕೈ ಗಟ್ಟಿ, ಆದರೆ ಮುಖ ಮಾತ್ರ ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದವರಂತೆ ಬಾಡಿತ್ತು. ಚಳಿಗೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಮೂಲೆಯಲ್ಲಿ ಕಬ್ಬಿಣದ ಮೆಟ್ಟಿಲಿಗೆ ತೆರೆಯುವ ಬಾಗಿಲು ಮಾತ್ರ ಒಂದು ಗೇಣಷ್ಟು ತೆರೆದಿತ್ತು. ಅವರನ್ನು ನೋಡಿಕೊಳ್ಳಲು ಸಾವಿತ್ರಿ ಎಂಬ ಹುಡುಗಿ ಬರುತ್ತಿದ್ದಳು. ಬಾದಾಮಿ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಅಕ್ಕನ ಜೊತೆ ಬಾಡಿಗೆಗಿದ್ದಳು.

ಫೋನ್ ಬಂದು ಪ್ರಮೋದ್ ಹೊರಗೆ ಹೋದಾಗ ವಿಮಲಮ್ಮ ನನ್ನ ಕಡೆ ಬಾಗಿದರು.

"ಕಾರಿನ ವಿಷ್ಯ ನಿಮ್ಗೆ ಗೊತ್ತಲ್ವಾ ಮೇಡಂ. ಒಳಗೆ ಯಾರೂ ಕೂರದೆ ಕಾರು ಉಸಿರಾಡತ್ತಾ?"

ಇಲ್ಲವೆಂದೆ.

"ಇವರ ಕಾರು ಉಸಿರಾಡತ್ತೆ. ಬೆಳಿಗ್ಗೆ ಹೊತ್ತು. ಆಮೇಲೆ ಇವರು ಮೇಲೆ ಬರ್ತಾರೆ."

ಅವರು ಹೇಳಿದ್ದು ಇಷ್ಟು. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಮಂಚ ಸಣ್ಣಗೆ ನಡುಗುತ್ತದೆ. ಕೆಳಗೆ ಯಾರೋ ಗುನುಗುವ ಶಬ್ದ. ಶ್ರೀನಾಥ್ ಗಡ್ಡ ಹೆರೆದುಕೊಳ್ಳುವಾಗ ಹಾಗೆ ಗುನುಗುತ್ತಿದ್ದರಂತೆ. ಅದು ನಿಲ್ಲುತ್ತದೆ. ಆಮೇಲೆ ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ. ಮೊದಲು ಚುರುಕು, ಹೋಗ್ತಾ ಹೋಗ್ತಾ ನಿಧಾನ, ಕೊನೆಗಾಲದಲ್ಲಿ ಮಂಡಿನೋವಿನಿಂದ ಅವರು ಹತ್ತುತ್ತಿದ್ದ ಹಾಗೆ. ಕೊನೆಯ ಮೆಟ್ಟಿಲಲ್ಲಿ ನಿಂತುಬಿಡುತ್ತಾರೆ. ಕೆಲವು ದಿನ ಬಾಗಿಲ ಸಂದಿಯಲ್ಲಿ ಅವರ ಭುಜ ಕಾಣುತ್ತದೆ. ಕೆಲವು ದಿನ ಬಂದು ಮಂಚದ ಕಾಲ ಬಳಿ ಕೂರುತ್ತಾರೆ. ತಲೆ ಭಾರವಾಗಿ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಮಧ್ಯಾಹ್ನದ ತನಕ ಏನೂ ಸೇರುವುದಿಲ್ಲ. "ಭಯ ಇಲ್ಲ. ಮದುವೆಯಾಗಿ ಐವತ್ತು ವರ್ಷ ಆಗಿತ್ತು, ಭಯ ಯಾಕೆ?" ಎಂದರು.

ನಾನು ಸಾವಿತ್ರಿಯ ಮುಖ ನೋಡಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ನಗಲಿಲ್ಲ.

"ನಾ ಸುಳ್ಳ ಹೇಳಂಗಿಲ್ರೀ ಮೇಡಂ. ಮೆಟ್ಲ ಮ್ಯಾಲ ಯಾರೋ ಬಂದಂಗ ಆಕ್ಕೈತ್ರೀ. ನನಗೂ ತೆಲಿ ಗುಂಯ್ ಅಂತೈತಿ. ನನ್ನಕಿಂತ ಮೊದಲ ಇದ್ದಾಕಿ ಇದಕ್ಕ ಅಂಜಿ ಬಿಟ್ಟ ಹೋದ್ಲಂತ."

ಹೊರಡುವಾಗ ಪ್ರಮೋದ್ ಮುಜುಗರದಿಂದಲೇ ಉಳಿದ ಕಥೆ ಹೇಳಿದರು. ವೈದ್ಯರು ಇದು ದುಃಖದಿಂದ ಬಂದ ಭ್ರಮೆ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಮನೆಯಲ್ಲಿ ಹೋಮವೂ ಆಗಿತ್ತು. ಮೂರು ಬಾರಿ ಶಟರ್ ತೆಗೆಸಿ ನೋಡಿದ್ದೂ ಆಯಿತು. ಹಳೆಯ ಕಾರು ಯಾವಾಗಲೂ ತಣ್ಣಗೆ ನಿಂತಿರುತ್ತಿತ್ತು. ಕೊನೆಗೆ ಹಿರಿಯರೊಬ್ಬರು, ಆ ಕಾರು ಮನೆಯಲ್ಲಿರುವ ತನಕ ಶ್ರೀನಾಥ್ ಅವರ ಆತ್ಮಕ್ಕೆ ಬಿಡುಗಡೆಯಿಲ್ಲ ಎಂದರಂತೆ. ಮುಂದಿನ ವಾರ ಅದನ್ನು ಊರಾಚೆಯ ಗೋದಾಮಿಗೆ ಸಾಗಿಸುವುದೆಂದು ನಿಶ್ಚಯವಾಗಿತ್ತು. ಅದು ಕಿವಿಗೆ ಬಿದ್ದ ದಿನದಿಂದ ವಿಮಲಮ್ಮ ಸರಿಯಾಗಿ ಊಟ ಮಾಡುತ್ತಿರಲಿಲ್ಲ. "ಅಮ್ಮಂಗೆ ಕಾರು ಬೇಕು ಮೇಡಂ, ನಂಗೆ ಅಮ್ಮ ಬೇಕು" ಎಂದರು ಪ್ರಮೋದ್. ನನ್ನ ಕೆಲಸ ಹೊಗೆಯದು, ದುಃಖದ್ದಲ್ಲ. ಸಮಾಧಾನದ ಎರಡು ಮಾತಾಡಿ ಬಂದೆ.

ಲೇಖನಕ್ಕೆ ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಅದಕ್ಕೆ ಕೋಲ್ಡ್ ಸ್ಟಾರ್ಟ್ ಎನ್ನುತ್ತೇವೆ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಮೊದಲ ಸಲ ಶುರುಮಾಡಿದಾಗಿನ ಹೊಗೆ ಅಳೆಯುವುದು. ಅದೇ ವಾರ, ಗೋದಾಮಿನವರು ಬರುವ ಮುಂಚೆ ಒಂದು ಬೆಳಿಗ್ಗೆ ಗೊತ್ತುಮಾಡಿಕೊಂಡೆವು. ಕಾರ್ಖಾನೆಯ ಪಾಳಿ ಶುರುಮಾಡಿಸಿ ಬಂದುಬಿಡುತ್ತೇನೆ, ನೀವು ಅಮ್ಮನ ಹತ್ತಿರ ಕೂತಿರಿ ಎಂದಿದ್ದರು ಪ್ರಮೋದ್.

ನಾನು ಬೇಗನೇ ಹೋದೆ. ರಸ್ತೆಯಲ್ಲಿ ಮಂಜಿತ್ತು. ಪ್ರಮೋದರ ಹೆಂಡತಿ ಅನಿತಾ ಮೇಲಿನ ಮಹಡಿಯಲ್ಲಿ ಇನ್ನೂ ಎದ್ದಿರಲಿಲ್ಲ. ಅನಲೈಸರಿನ ಪೆಟ್ಟಿಗೆಯನ್ನು ಗ್ಯಾರೇಜಿನ ಪಕ್ಕದ ಬಾಗಿಲ ಒಳಗಿಟ್ಟು, ಮುಂಬಾಗಿಲಿನಿಂದ ವಿಮಲಮ್ಮನ ಕೋಣೆಗೆ ಹೋದೆ. ಸಾವಿತ್ರಿ ಕಾಫಿ ತಂದಿಟ್ಟಳು. ಅಡುಗೆ, ಚಳಿ, ನನ್ನ ಮಗಳು, ಹೀಗೆ ಏನೇನೋ ಮಾತು ನಡೆದಿತ್ತು. ನಡುವೆ ನನ್ನ ಕಣ್ಣು ಲೋಟದ ಮೇಲೆ ಬಿತ್ತು. ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು.

ಆಮೇಲೆ ಗುನುಗು ಕೇಳಿಸಿತು. ಕೇಳಿಸಿತು ಎನ್ನುವುದಕ್ಕಿಂತ ಪಾದಕ್ಕೆ ತಾಗಿತು. ಅಕ್ಕಪಕ್ಕದ ಮನೆಯ ಸಂಪಿನ ಮೋಟರ್ ಇರಬೇಕೆಂದುಕೊಂಡೆ. ಅದು ಒಮ್ಮೆ ನಿಂತು, ಮತ್ತೆ ಶುರುವಾಯಿತು. ಎಷ್ಟು ಹೊತ್ತು ಹೋಯಿತೋ ಹೇಳಲಾರೆ. ಮಾತು ಕಡಿಮೆಯಾಗಿತ್ತು. ಹಣೆಗೆ ಯಾರೋ ಬಟ್ಟೆ ಕಟ್ಟಿ ಬಿಗಿಯುತ್ತಿರುವಂತೆ ಅನ್ನಿಸಿತು. ಸಾವಿತ್ರಿ ಗೋಡೆಗೆ ಒರಗಿ ಕೂತು ತಲೆ ಹಿಡಿದುಕೊಂಡಿದ್ದಳು. ನನ್ನ ಎದೆಬಡಿತ ನನ್ನ ಕಿವಿಗೇ ಕೇಳುತ್ತಿತ್ತು. ಯಾಕೋ ಆ ಕೋಣೆಯಲ್ಲಿ ನಾವು ಮೂವರಲ್ಲ, ನಾಲ್ವರು ಇದ್ದೇವೆ ಎಂಬ ಭಾವನೆ ಬಲವಾಗಿ ಬಂತು. ಅದು ಯೋಚನೆಯಲ್ಲ. ಬೆನ್ನ ಹಿಂದೆ ನಿಂತವರ ಇರವು ತಿರುಗದೆಯೇ ತಿಳಿಯುತ್ತದಲ್ಲ, ಹಾಗೆ.

ಗುನುಗು ನಿಂತಿತು.

"ಈಗ" ಎಂದರು ವಿಮಲಮ್ಮ.

ಟಿಣ್. ಕೆಳಗೆ ಕಬ್ಬಿಣದ ಸದ್ದು. ಟಿಣ್, ಟಿಣ್. ಚುರುಕಾಗಿ ಶುರುವಾದದ್ದು ಮೆಲ್ಲಗೆ ಸಾವಕಾಶವಾಯಿತು. ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಅಂತರ ಬೆಳೆಯುತ್ತ ಹೋಯಿತು. ಹತ್ತುವವನಿಗೆ ದಣಿವಾಗಿದೆ ಎಂದು ನನಗೂ ಅನ್ನಿಸಿತು. ಬಾಗಿಲ ಸಂದಿಯನ್ನೇ ನೋಡುತ್ತಿದ್ದೆ. ಅಲ್ಲಿ ಬಿಳಿಯ ಅರ್ಧತೋಳಿನ ಅಂಗಿಯ ಒಂದು ತೋಳು ಇತ್ತು. ಮಡಿಸಿದ ಮೊಣಕೈ, ಬಾಗಿಲ ಚೌಕಟ್ಟನ್ನು ಹಿಡಿದ ಬೆರಳು. ಹೆಚ್ಚೇನೂ ಇಲ್ಲ, ಕಡಿಮೆಯೂ ಇಲ್ಲ. ಜೀವಮಾನವೆಲ್ಲ ಅಳತೆ ಮಾಡಿದವಳು ನಾನು, ಕಂಡದ್ದನ್ನು ಕಂಡಿಲ್ಲ ಎನ್ನಲಾರೆ.

ಕುರ್ಚಿಯ ತೋಳು ಹಿಡಿದು ಎದ್ದೆ. ಹೋಗಿ ಬಾಗಿಲನ್ನು ಪೂರ್ತಿ ತೆರೆದೆ. ಯಾರೂ ಇಲ್ಲ. ಮೆಟ್ಟಿಲು ಖಾಲಿಯಾಗಿ ಕತ್ತಲಿಗೆ ಸುತ್ತಿಕೊಂಡು ಇಳಿದಿತ್ತು. ಅಲ್ಲಿ ನಿಲ್ಲಲು ಹೆದರಿಕೆ, ಕೋಣೆಗೆ ಹಿಂದಿರುಗಲು ಇನ್ನೂ ಹೆದರಿಕೆ. ಕೈಗೆ ಕೆಲಸ ಸಿಕ್ಕಿದರೆ ತಲೆ ನೆಟ್ಟಗಾಗುತ್ತದೆಂದು ಕಂಬಿ ಹಿಡಿದು ಕೆಳಗಿಳಿದೆ.

ದೀಪ ಹಾಕಿದೆ. ಎರಡು ಹಸಿರು ಕಾರುಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಶಟರಿಗೆ ಬೀಗವಿತ್ತು. ಪೆಟ್ಟಿಗೆ ತೆರೆದು ಅನಲೈಸರ್ ಹಚ್ಚಿದೆ. ಅಳೆಯುವ ಮೊದಲು ಅದನ್ನು ಸೊನ್ನೆಗೆ ತರಬೇಕು. ಸುತ್ತಲಿನ ಶುದ್ಧ ಗಾಳಿಯನ್ನು ಎಳೆದುಕೊಂಡು, ಇದೇ ಸೊನ್ನೆ ಎಂದು ಉಪಕರಣ ಒಪ್ಪಿಕೊಳ್ಳಬೇಕು. ಅದು ಒಪ್ಪಲಿಲ್ಲ. ಸುತ್ತಲಿನ ಗಾಳಿ ಶುದ್ಧವಿಲ್ಲ ಎಂಬ ಸೂಚನೆ ಬಂತು. ಇನ್ನೊಮ್ಮೆ ಒತ್ತಿದೆ. ಅದೇ ಸೂಚನೆ. ನಿನ್ನೆಯಿಂದ ಯಾರೂ ಮುಟ್ಟದ ಎರಡು ಕಾರುಗಳ ನಡುವೆ ನಿಂತು ಅದನ್ನೇ ಓದುತ್ತಿದ್ದೆ.

ಹಳೆಯ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟೆ. ಕಲ್ಲಿನಂತೆ ತಣ್ಣಗಿತ್ತು. ತಿರುಗಿ ಹೊಸದರ ಮೇಲೆ ಇಟ್ಟೆ. ಅದು ಬೆಚ್ಚಗಿತ್ತು, ಮಲಗಿರುವ ದನದ ಬೆನ್ನಿನ ಹಾಗೆ. ಬಾಗಿಲುಗಳು ಲಾಕ್ ಆಗಿದ್ದವು. ಒಳಗೆ ಯಾರೂ ಇರಲಿಲ್ಲ. ನನ್ನ ಅಂಗೈ ಕೆಳಗಿನಿಂದ ಒಂದು ಸದ್ದು ಬಂತು. ಟಿಣ್.

ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ತಲೆನೋವು, ಎದೆಬಡಿತ, ವಾಕರಿಕೆ, ಇಲ್ಲದವರ ಇರವು. ಈ ಅನಿಲದ ಬಗ್ಗೆ ವರ್ಷಗಟ್ಟಲೆ ತರಬೇತಿ ಕೊಟ್ಟವಳು ನಾನು, ಅದು ಈಗ ನನ್ನ ರಕ್ತದಲ್ಲೇ ಓಡಾಡುತ್ತಿತ್ತು. ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಅನಿತಾ ಹೆಸರು ಕೂಗುತ್ತ ಮುಂಬಾಗಿಲ ಮೆಟ್ಟಿಲು ಹತ್ತಿದೆ. ಸಾವಿತ್ರಿ ಎದ್ದು ನಿಂತವಳು ಕುಸಿದಳು. ಅನಿತಾ ಓಡಿ ಬಂದು ಅವಳನ್ನು ಎತ್ತಿ ನಡೆಸಿದರು. ನಾನು ಕಿಟಕಿ ತೆಗೆಯಲು ಹೋದೆ. ವಿಮಲಮ್ಮ ನನ್ನ ಮುಂಗೈ ಹಿಡಿದುಕೊಂಡರು. ಆ ಹಿಡಿತದ ಬಲ ಇನ್ನೂ ನೆನಪಿದೆ.

"ಕಿಟಕಿ ತೆಗೀಬೇಡಿ. ಅವರು ಹೋಗ್ಬಿಡ್ತಾರೆ."

"ಅಮ್ಮ, ಇದು ವಿಷದ ಗಾಳಿ. ಏಳಿ."

"ನೀವೂ ನೋಡಿದ್ರಿ. ನಿಮ್ಮ ಮುಖ ನೋಡ್ದೆ ನಾನು."

ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೊರಗೆ ತಂದೆವು. ರಸ್ತೆಯ ತಣ್ಣನೆ ಗಾಳಿಗೆ ಬಂದ ಮೇಲೆ ನಾನು ಮೋರಿಯ ಪಕ್ಕ ಕೂತು ವಾಂತಿ ಮಾಡಿದೆ. ಅನಿತಾ ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ತಮ್ಮ ಸಣ್ಣ ಕಾರಿನಲ್ಲಿ ನಮ್ಮನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದರು. ಏನಾಗಿದೆ ಎಂದು ನಾನೇ ವೈದ್ಯರಿಗೆ ಹೇಳಿದೆ. ರಕ್ತ ಪರೀಕ್ಷೆ ಅದನ್ನೇ ಹೇಳಿತು. ಮೂವರಿಗೂ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ವಿಮಲಮ್ಮನ ರಕ್ತದಲ್ಲಿ ಅದು ಎಲ್ಲರಿಗಿಂತ ಹೆಚ್ಚಿತ್ತು. ಚಳಿಗಾಲ ಪೂರ್ತಿ ಹೀಗೇ ಸಾಗಿದ್ದರೆ ಅವರು ಒಂದು ಬೆಳಿಗ್ಗೆ ಏಳುತ್ತಿರಲಿಲ್ಲ ಎಂದು ವೈದ್ಯರು ನೇರವಾಗಿಯೇ ಹೇಳಿದರು.

ಪ್ರಮೋದ್ ಕಾರ್ಖಾನೆಯಿಂದ ನೇರ ಅಲ್ಲಿಗೇ ಬಂದರು. ಹೊಸ ಕಾರನ್ನು ಬೆಳಿಗ್ಗೆ ಯಾರು ಶುರುಮಾಡುತ್ತಾರೆ ಎಂದು ಕೇಳಿದೆ.

"ನಾನೇ ಮೇಡಂ. ಫೋನಲ್ಲಿರೋ ಆ್ಯಪ್‌ನಿಂದ, ಕಾರ್ಖಾನೆಯಲ್ಲಿ ಕೂತೇ." ಯಾಕೆ ಕೇಳುತ್ತಿದ್ದೇನೆಂದು ಅವರಿಗೆ ಅರ್ಥವಾಗಿರಲಿಲ್ಲ. "ನಿಂತೇ ಇದ್ರೆ ಬ್ಯಾಟರಿ ಇಳಿಯತ್ತೆ ಅಂತ ಚಳಿ ಶುರುವಾದಾಗಿಂದ ದಿನಾ ಮಾಡ್ತೀನಿ. ಸ್ವಲ್ಪ ಹೊತ್ತಾದ್ಮೇಲೆ ಅದೇ ಆಫ್ ಆಗತ್ತೆ, ಇನ್ನೊಂದ್ಸಲ ಹಾಕ್ತೀನಿ. ಅಮ್ಮಂಗೆ ತೊಂದ್ರೆ ಆಗ್ಬಾರ್ದು ಅಂತ ಕ್ವಾಯಟ್ ಮೋಡಲ್ಲೇ ಇಟ್ಟಿದೀನಿ." ಹೇಳುತ್ತ ಹೇಳುತ್ತಲೇ ಅವರ ದನಿ ಇಳಿಯಿತು. ತಾಯಿ 'ಇವರ ಕಾರು' ಎಂದು ಹೇಳಿದಾಗಲೆಲ್ಲ ಮನೆಯವರೆಲ್ಲ ಹಳೆಯ ಕಾರಿನ ಬಾನೆಟ್ ಮುಟ್ಟಿ ನೋಡಿದ್ದರು. ಹೊಸದನ್ನು ಮುಟ್ಟಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇವತ್ತು ನನ್ನ ಪರೀಕ್ಷೆಗೆ ಅದು ತಣ್ಣಗಿರಬೇಕು ಎಂಬುದನ್ನೂ ಮರೆತು ಅಭ್ಯಾಸಬಲದಿಂದ ಒತ್ತಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ, ಮನೆಯಲ್ಲಿ ಯಾರನ್ನೂ ಇರಗೊಡದೆ, ಶಟರ್ ಮುಚ್ಚಿ, ಮೇಲಿನ ಕೋಣೆಯೊಳಕ್ಕೆ ಉದ್ದನೆಯ ಕೊಳವೆ ಬಿಟ್ಟು, ಪ್ರಮೋದ್ ಮತ್ತು ನಾನು ಹೊರಗಿನ ಕಾಂಪೌಂಡಿನಲ್ಲಿ ನಿಂತೆವು. ಅವರು ಫೋನ್ ಒತ್ತಿದರು. ಗಾಜಿನ ಗೋಡೆಯಾಚೆಯ ಕತ್ತಲಲ್ಲಿ ಹೊಸ ಕಾರಿನ ದೀಪಗಳು ಒಮ್ಮೆ ಕಣ್ಣು ಬಿಟ್ಟವು. ಖಾಲಿ ಸೀಟಿನ ಮುಂದೆ ಪರದೆ ಬೆಳಗಿತು. ಗುನುಗು ಶುರುವಾಯಿತು. ಅನಲೈಸರಿನ ಅಂಕಿ ಏರತೊಡಗಿ, ಎರಡನೆಯ ಸಲ ಎಂಜಿನ್ ಓಡಿ ನಿಲ್ಲುವ ಹೊತ್ತಿಗೆ ಆ ಕೋಣೆಯ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಮುನ್ನೂರಕ್ಕೂ ಹೆಚ್ಚು ಭಾಗ ಕಾರ್ಬನ್ ಮಾನಾಕ್ಸೈಡ್ ಇತ್ತು, ಅಲ್ಲಿ ಕೂತವರ ತಲೆ ಕೆಡಿಸಲು ಸಾಕಾಗುವಷ್ಟು. ಎಂಜಿನ್ ನಿಂತ ಮೇಲೆ ಆ ಸದ್ದು ಬಂತು. ಟಿಣ್, ಟಿಣ್, ಆಮೇಲೆ ನಿಧಾನವಾಗಿ. ಕಾದ ಎಕ್ಸಾಸ್ಟ್ ಕೊಳವೆಗಳು ತಣ್ಣಗಾಗುತ್ತ ಕುಗ್ಗುವ ಸದ್ದು, ಎಲ್ಲ ಕಾರುಗಳಲ್ಲೂ ಇರುವಂಥದು. ಪ್ರಮೋದ್ ಅದನ್ನು ಆ ಹೊತ್ತಿನಲ್ಲಿ, ಆ ಗೋಡೆಯ ಈಚೆಯಿಂದ ಕೇಳಿದ್ದು ಅದೇ ಮೊದಲು. ಕೊನೆಯ ಸದ್ದು ಆರುವ ತನಕ ಕೇಳಿ, ಗೋಡೆಗೆ ಹಣೆಯಿಟ್ಟು ನಿಂತರು. "ಅಪ್ಪ ಹಿಂಗೇ ಹತ್ತೋರು" ಎಂದಷ್ಟೇ ಹೇಳಿದರು.

ಕಾರಣವನ್ನು ಅವತ್ತೇ ಕಂಡುಹಿಡಿದೆವು. ಬದಲಿಸಿದ್ದ ಎಕ್ಸಾಸ್ಟ್ ಕೊಳವೆ ಎಂಜಿನ್ನಿಗೆ ಕೂಡುವ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ತಣ್ಣಗಿದ್ದಾಗ ಅಲ್ಲೊಂದು ಸಣ್ಣ ಸಂದಿ. ಶುದ್ಧಮಾಡುವ ಡಬ್ಬಿಯನ್ನು ತಲುಪುವ ಮೊದಲೇ ಹಸಿ ಹೊಗೆ ಅಲ್ಲಿಂದ ಸೋರುತ್ತಿತ್ತು. ತಣ್ಣಗಿನ ಎಂಜಿನ್ ಪೆಟ್ರೋಲನ್ನು ಹೆಚ್ಚು ಕುಡಿಯುವ ಹೊತ್ತೂ ಅದೇ. ಎಂಜಿನ್ ಬಿಸಿಯಾದರೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತಿತ್ತು. ಓಡಿಸಿ ತಂದ ಕಾರಿನ ಬಾಲದಲ್ಲಿ ನನಗೆ ಸೊನ್ನೆ ಸಿಕ್ಕಿದ್ದು ಅದಕ್ಕೇ. ಗಾಜಿನ ಗೋಡೆ ಆ ಗಾಳಿಯನ್ನು ಹಿಡಿದಿಟ್ಟಿತು. ಅದಕ್ಕಿದ್ದ ಒಂದೇ ದಾರಿ ಸುರುಳಿ ಮೆಟ್ಟಿಲು. ಮೇಲಿನ ಬಾಗಿಲನ್ನು ವಿಮಲಮ್ಮ ಗಂಡನಿಗಾಗಿ ತೆರೆದೇ ಇಡುತ್ತಿದ್ದರು.

ಗಾಜು ತೆಗೆಸಿ ಜಾಲರಿ ಹಾಕಿಸಿದರು. ಹೊಸ ಕಾರು ಕಾರ್ಖಾನೆಯ ಅಂಗಳಕ್ಕೆ ಹೋಯಿತು. ಗೋದಾಮಿಗೆ ಹೋಗಬೇಕಿದ್ದ ಹಳೆಯದು ಮನೆಯಲ್ಲೇ ಉಳಿಯಿತು. ಸಾವಿತ್ರಿ ಸುಧಾರಿಸಿಕೊಂಡು ಕೆಲಸಕ್ಕೆ ಬಂದಳು. ನಾನು ಲೇಖನ ಬರೆದುಕೊಟ್ಟೆ. ಶಕ್ತಿ, ಹಿಡಿತ, ಬ್ರೇಕು, ಹೊಗೆ, ಎಲ್ಲದರಲ್ಲೂ ಹೊಸದೇ ಮೇಲು ಎಂದು ಬರೆದು, ಕೊನೆಯಲ್ಲಿ ಒಂದು ಮಾತು ಸೇರಿಸಿದೆ. ಹಳೆಯ ಕಾರು ತನ್ನ ಅಪಾಯವನ್ನು ಕೂಗಿ ಹೇಳುತ್ತದೆ, ಜನ ದೂರ ಸರಿಯುತ್ತಾರೆ. ಹೊಸದು ಸಭ್ಯವಾಗಿರುವುದರಿಂದ ಅದರ ಪಕ್ಕದಲ್ಲೇ ಮಲಗುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ವಿಮಲಮ್ಮನನ್ನು ನೋಡಲು ಹೋದೆ. ಮುಖಕ್ಕೆ ಬಣ್ಣ ಬಂದಿತ್ತು. ಊಟ ಸೇರುತ್ತಿದೆ, ತಲೆನೋವಿಲ್ಲ ಎಂದರು. ಕಿಟಕಿಗಳೆಲ್ಲ ತೆರೆದಿದ್ದವು. ಸಾವಿತ್ರಿಯನ್ನು ಯಾವುದೋ ನೆಪದಲ್ಲಿ ಕೆಳಗೆ ಕಳಿಸಿ, ನನ್ನ ಕಡೆ ತಿರುಗಿದರು.

"ಅವತ್ತಿಂದ ಅವರು ಬಂದಿಲ್ಲ."

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ನೀವು ಅಳತೆ ಮಾಡೋರು. ಎಷ್ಟಿದ್ರೆ ಪ್ರಾಣ ಹೋಗಲ್ಲ, ಆದ್ರೆ ಅವರು ಬರ್ತಾರೆ? ಅಷ್ಟು ಹೇಳಿ ಸಾಕು."

ಗ್ಯಾರೇಜಿನಲ್ಲಿ ಬೆಚ್ಚಗಿನ ಬಾನೆಟ್ ಮುಟ್ಟಿದಾಗಲೂ ನನ್ನ ಮೈ ಅಷ್ಟು ತಣ್ಣಗಾಗಿರಲಿಲ್ಲ. ಅವರು ತಮಾಷೆ ಮಾಡುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ತರಕಾರಿಯ ತೂಕ ಕೇಳುವಷ್ಟು ಸಹಜವಾಗಿ ಕೇಳಿದ್ದರು. ಅಂಥ ಅಳತೆ ಇಲ್ಲಮ್ಮ ಎಂದೆ. ಈ ಮಾತನ್ನು ಪ್ರಮೋದ್‌ಗೆ ತಿಳಿಸಲೇಬೇಕಾಗುತ್ತದೆ ಎಂದೂ ಹೇಳಿದೆ. "ಹೇಳಿ" ಎಂದು ಕಿಟಕಿಯ ಕಡೆ ಮುಖ ಮಾಡಿದರು. ಅವತ್ತೇ ಹೇಳಿದೆ. ಪ್ರಮೋದ್ ಹಳೆಯ ಕಾರಿನ ಕೀಲಿಯನ್ನು ತಮ್ಮ ಬಳಿ ಇಟ್ಟುಕೊಂಡು, ಮೆಟ್ಟಿಲ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ತಾಯಿಯ ಮಂಚವನ್ನು ರಸ್ತೆ ಕಡೆಯ ಕೋಣೆಗೆ ಹಾಕಿಸಿದರು. ವಿಮಲಮ್ಮ ಬೇಡವೆನ್ನಲಿಲ್ಲ.

ಕೆಲಸದಲ್ಲಿದ್ದಾಗ ಅಪಾಯದ ಕಾರಣ ಪತ್ತೆಯಾಗಿ, ಅದನ್ನು ನಿವಾರಿಸಿ, ಅಂಕಿ ಸೊನ್ನೆಗೆ ಬಂದರೆ ಪೆಟ್ಟಿಗೆ ಮುಚ್ಚುತ್ತಿದ್ದೆ. ಆ ಮನೆಯಲ್ಲಿ ಸೊನ್ನೆ ಬಂದ ಮೇಲೆಯೇ ಒಬ್ಬರಿಗೆ ಎರಡನೆಯ ಸಲ ಗಂಡ ತೀರಿಕೊಂಡಿದ್ದರು. ಮನೆಯಿಂದ ನಾವು ತೆಗೆದುಹಾಕಿದ್ದರ ಜೊತೆ ಇನ್ನೇನು ಹೋಯಿತೆಂದು ಕೆಲಸ ಮುಗಿದ ಮೇಲೂ ಹೋಗಿ ವಿಚಾರಿಸಬೇಕು ಎಂಬುದನ್ನು ಈ ಪ್ರಕರಣ ಕಲಿಸಿತು. ಆದ್ದರಿಂದ ಈಗಲೂ ತಿಂಗಳಿಗೊಮ್ಮೆ ಜಯನಗರಕ್ಕೆ ಹೋಗುತ್ತೇನೆ. ಕಾಫಿ ಕುಡಿದಾದ ಮೇಲೆ ವಿಮಲಮ್ಮ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಾರೆ. ಅವತ್ತು ನೀವು ನೋಡಿದಾಗ ಅವರು ಹೇಗಿದ್ದರು? ಬಿಳಿ ಅಂಗಿ, ಅರ್ಧ ತೋಳು, ಚೌಕಟ್ಟು ಹಿಡಿದ ಕೈ, ಎಂದು ಹೇಳುತ್ತೇನೆ. ಒಂದು ಎಳೆಯನ್ನೂ ಹೆಚ್ಚಿಸುವುದಿಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ.